ಲವಂಗದೆಣ್ಣೆಯಲ್ಲಿ ಕಲಸಿದ ಹಳದಿ ಪುಡಿ

ತಾಳವಾಡಿಯಲ್ಲಿ ನಾನು ಹಲ್ಲಿನ ಡಾಕ್ಟರಾಗಿ ಬಂದು ಕೂತ ಮೊದಲ ವರ್ಷ ನನ್ನ ಹತ್ತಿರ ಬಂದವರೆಲ್ಲ ಕೀಳಿಸಿಕೊಳ್ಳುವುದಕ್ಕೇ ಬಂದವರು. ಇದು ಉಳಿಸಬಹುದಾದ ಹಲ್ಲು, ಹುಳುಕು ತೆಗೆದು ಸಿಮೆಂಟು ತುಂಬಿದರೆ ಇನ್ನೂ ಹತ್ತು ವರ್ಷ ರೊಟ್ಟಿ ಜಗಿಯಬಹುದು ಎಂದು ನಾನು ವಿವರಿಸುತ್ತಿದ್ದರೆ ಅವರು ಇಕ್ಕಳ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕುತ್ತಿದ್ದರು. "ಉಳುಕಲ್ಲ ಮಡಿಕಂಡು ಏನವ್ವ ಮಾಡದು, ಕಿತ್ತಾಕ್ಬುಡು, ನಂಗ ಬಸ್ಸಿಗ ಒತ್ತಾಯ್ತು" ಎನ್ನುವುದು ಎಲ್ಲರದೂ ಒಂದೇ ಮಾತು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಬೆಂಗಳೂರಿನಲ್ಲಿ ಅಷ್ಟು ವರ್ಷ ಓದಿದ್ದು ಇಕ್ಕಳ ಹಿಡಿಯುವುದಕ್ಕಾ ಎಂದು ಜೋರಾಗಿಯೇ ಕೇಳಿಬಿಟ್ಟದ್ದೂ ಉಂಟು. ಕೇಳಿಸಿಕೊಂಡವರು ಪಾಪ, ಹಲ್ಲನ್ನೂ ಕೀಳಿಸಿಕೊಂಡು ಬೈಗುಳವನ್ನೂ ತಿಂದು ಹೋಗುತ್ತಿದ್ದರು.

ತಾಳವಾಡಿ ನನ್ನ ತಾಯಿಯ ತವರು. ಅವ್ವನ ಅಣ್ಣಂದಿರು ಹೊಲಮನೆ ಹಂಚಿಕೊಂಡಾಗ ಬಜಾರಿನ ಬೀದಿಯಲ್ಲಿದ್ದ ಒಂದು ಕೋಣೆ ಮತ್ತು ಅದರ ಹಿಂದಿನ ಅಡುಗೆಮನೆಯನ್ನು ತಂಗಿಗೆಂದು ಬಿಟ್ಟಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನೂ ಅವ್ವನೂ ಅಲ್ಲಿಗೆ ಬಂದೆವು. ಮದುವೆ ಬೇಡ ಎಂದು ನಾನು ಅಣ್ಣನೊಂದಿಗೆ ಜಗಳವಾಡಿದ್ದೆ. ಅವಳ ಜೊತೆ ನಾನಿರುತ್ತೇನೆ ಎಂದು ಅವ್ವ ಬಟ್ಟೆ ಗಂಟು ಕಟ್ಟಿಕೊಂಡು ಹೊರಟುಬಂದಿದ್ದಳು. ಬಂದು ಒಂದೂವರೆ ವರ್ಷಕ್ಕೆ ತೀರಿಕೊಂಡಳು. ಅವಳ ಕಾರ್ಯ ಮುಗಿದ ದಿನ ಅಣ್ಣ, "ಇನ್ನು ಇಲ್ಲೇನಿದೆ ನಿನಗೆ, ಮೈಸೂರಿಗೆ ನಡಿ" ಎಂದ. ಬರುವುದಿಲ್ಲ ಎಂದೆ. ಹಟಕ್ಕೆ ಹೇಳಿದ ಮಾತು ಅದು. ಹೇಳಿದ ಮೇಲೆ ನಿಭಾಯಿಸಬೇಕಾಯಿತು.

ಒಂಟಿತನ ಎಂದರೆ ಏನೋ ದೊಡ್ಡದೊಂದು ಬಂದು ಎದೆಯ ಮೇಲೆ ಕೂರುತ್ತದೆ ಎಂದುಕೊಂಡಿದ್ದೆ. ಹಾಗೇನಿಲ್ಲ. ಒಂದು ಪಾವು ಅಕ್ಕಿಯನ್ನು ಎಷ್ಟು ಹೊತ್ತಿಗೆ ಬೇಕಾದರೂ ಬೇಯಿಸಬಹುದು, ಕೇಳುವವರಿಲ್ಲ, ಅಷ್ಟೇ. ಸತ್ಯಮಂಗಲದ ಬಸ್ಸು ಬಂದು ನಿಂತಾಗ ನನಗಾಗಿ ಯಾರೂ ಇಳಿಯುವುದಿಲ್ಲ ಎಂದು ಗೊತ್ತಿದ್ದೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ದಿನವಿಡೀ ನಾನು ಮಾತಾಡುತ್ತಿದ್ದುದು ಬಾಯಿ ತೆರೆದು ಕೂತವರ ಜೊತೆ. ಅವರು 'ಆ' ಎನ್ನಬಹುದಿತ್ತೇ ಹೊರತು ಇನ್ನೇನೂ ಹೇಳುವಂತಿರಲಿಲ್ಲ. ಮಾವಂದಿರ ಮನೆಯವರು ಹಬ್ಬಕ್ಕೆ ಕರೆಯುತ್ತಿದ್ದರು, ಹೋಗಿ ಉಂಡು ಬರುತ್ತಿದ್ದೆ. ಉಳಿದ ದಿನಗಳಲ್ಲಿ ನನ್ನ ಹೆಸರು ಹಿಡಿದು ಕರೆದವರು ನೆನಪಿಲ್ಲ. ಊರಿಗೆಲ್ಲ ನಾನು ಹಲ್ಲವ್ವ, ಅವರ ಬಾಯಲ್ಲಿ ಅಲ್ಲವ್ವ.

ಸಂತೆಯ ದಿನ ಮಾತ್ರ ಒಬ್ಬಳು ಬರುತ್ತಿದ್ದಳು. ಜೀರಹಳ್ಳಿಯಿಂದಾಚೆ ಕಾಡಿನೊಳಗೆ ಒಂದು ಪೋಡು, ಅಂದರೆ ಕಾಡಿನ ಜನರ ಹತ್ತಿಪ್ಪತ್ತು ಗುಡಿಸಲುಗಳ ಊರು, ಅಲ್ಲಿಯವಳು. ಹುಲ್ಲು ಕೊಯ್ದು ಪೊರಕೆ ಕಟ್ಟಿ ತಲೆಯ ಮೇಲೆ ಹೊತ್ತು ತಂದು ಮಾರುತ್ತಿದ್ದಳು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವಳು. ಗಂಡ ತೀರಿಹೋಗಿದ್ದ, ಮಗ ಸೊಸೆ ಇದ್ದರು. ನಾನು ಅವಳನ್ನು ಪೊರಕೆಯಕ್ಕ ಎನ್ನುತ್ತಿದ್ದೆ. ಪೊರಕೆಯೆಲ್ಲ ಖರ್ಚಾದ ಮೇಲೆ ನನ್ನ ಹೊಸಿಲಿನ ಪಕ್ಕ ಕೂತು, ಎಲೆಅಡಿಕೆ ಹಾಕಿಕೊಂಡು, ಬಸ್ಸು ಬರುವವರೆಗೂ ಮಾತಾಡುತ್ತಿದ್ದಳು. ಆನೆ ಯಾರ ಜೋಳದ ಹೊಲಕ್ಕೆ ನುಗ್ಗಿತು, ಸೊಸೆ ಏನಂದಳು, ಈ ಸಲ ಜೇನು ಯಾಕೆ ಸರಿಯಾಗಿ ಕಟ್ಟಲಿಲ್ಲ, ಹೀಗೆ. ಎಲೆಅಡಿಕೆ ಬಿಡು ಎಂದು ನಾನು ಉಪದೇಶ ಶುರು ಮಾಡಿದರೆ, "ನೀ ಬಾಯ ನೋಡ್ಕ. ಬಾಯಿಗ ಏನ್ ಆಕ್ಬೇಕೋ ಅದ ನಾ ನೋಡ್ಕತೀನಿ" ಎಂದು ನಗುತ್ತಿದ್ದಳು. ವಾರದ ಆರು ದಿನ ನಾನು ಆ ಒಂದು ದಿನಕ್ಕೆ ಕಾಯುತ್ತಿದ್ದೆ. ಅದನ್ನು ಅವಳಿಗೆ ಎಂದೂ ಹೇಳಲಿಲ್ಲ. ಹೇಳದಿದ್ದರೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ.

ಇನ್ನು ನನ್ನ ಕಸುಬಿನ ಕಷ್ಟ ಹೇಳಬೇಕು. ಕರೆಂಟನ್ನು ನಂಬುವಂತಿರಲಿಲ್ಲವಾದ್ದರಿಂದ ಹೊಲಿಗೆ ಮಿಶಿನ್ನಿನ ಹಾಗೆ ಕಾಲಿನಲ್ಲಿ ತುಳಿದು ಓಡಿಸುವ ಕೊರೆಯುವ ಯಂತ್ರ ಇಟ್ಟುಕೊಂಡಿದ್ದೆ. ಅದು ನಿಧಾನ. ಹಲ್ಲು ಕೊರೆಯುವಾಗ ತಲೆಬುರುಡೆಯೆಲ್ಲ ಗಡಗಡ ಎನ್ನುತ್ತದೆ. ಆಳವಾದ ಹುಳುಕನ್ನು ಒಂದೇ ಸಲಕ್ಕೆ ಪೂರ್ತಿ ತೆಗೆಯುವಷ್ಟು ಹೊತ್ತು ಯಾರೂ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಆದ್ದರಿಂದ ಆದಷ್ಟು ತೆಗೆದು, ಬಿಳಿ ಸತುವಿನ ಪುಡಿಯನ್ನು ಲವಂಗದೆಣ್ಣೆಯಲ್ಲಿ ಕಲಸಿ ತಾತ್ಕಾಲಿಕವಾಗಿ ಮುಚ್ಚಿ, ಹದಿನೈದು ದಿನ ಬಿಟ್ಟು ಬನ್ನಿ, ಉಳಿದದ್ದನ್ನು ತೆಗೆದು ಗಟ್ಟಿಯಾದದ್ದನ್ನು ತುಂಬುತ್ತೇನೆ ಎಂದು ಕಳಿಸುತ್ತಿದ್ದೆ. ಲವಂಗದೆಣ್ಣೆಗೆ ನೋವು ನಿಲ್ಲುತ್ತಿತ್ತು. ನೋವು ನಿಂತ ಮೇಲೆ ಹದಿನೈದು ದಿನ ಬಿಟ್ಟು ಬರುವ ಮನುಷ್ಯ ಆ ಬೆಟ್ಟದಲ್ಲೇ ಹುಟ್ಟಿರಲಿಲ್ಲ. ಗುಮಟಾಪುರದ ಒಬ್ಬ ರೈತ ದೀಪಾವಳಿ ಕಳೆದು ಸಗಣಿಯಲ್ಲಿ ಹೊಡೆದಾಡುವ ಹಬ್ಬ ಮುಗಿಯಲಿ ಎಂದ. ಆಮೇಲೆ ರಾಗಿ ಕೊಯ್ಲು ಎಂದ. ಆಮೇಲೆ ತಂಗಿಯ ಮದುವೆ. ಅಷ್ಟರಲ್ಲಿ ಒಳಗೆ ಉಳಿದ ಕ್ರಿಮಿಗಳು ತಮ್ಮ ಕೆಲಸ ಮುಗಿಸಿರುತ್ತಿದ್ದವು. ಕೊನೆಗೆ ಕೀಳುವುದಕ್ಕೇ ಬಂದು, "ಆಗ್ಲೇ ಕಿತ್ತಾಕಿದ್ರ ಆಗ್ತಿರ್ನಿಲ್ವಾ" ಎಂದು ನನಗೇ ಬುದ್ಧಿ ಹೇಳುತ್ತಿದ್ದರು.

ರೋಗಿ ತಿರುಗಿ ಬರುವುದಿಲ್ಲವೆಂದ ಮೇಲೆ ನನ್ನ ಬದಲು ಹಲ್ಲಿನೊಳಗೆ ಮದ್ದೇ ಕೂತು ಕೆಲಸ ಮಾಡಲಿ ಎಂಬ ಯೋಚನೆ ನನಗೆ ಬಂದದ್ದು ಹೀಗೆ. ಹಲ್ಲಿಗೆ ತುಂಬುವ ಸಿಮೆಂಟಿನಲ್ಲಿ ಆಂಟಿಬಯೋಟಿಕ್ ಬೆರೆಸಿ ನೋಡುವವರಿದ್ದಾರೆ ಎಂದು ಓದುವ ದಿನಗಳಲ್ಲಿ ಯಾವುದೋ ಹಳೆಯ ಪತ್ರಿಕೆಯಲ್ಲಿ ಕಂಡಿದ್ದೆ. ಅರ್ಧ ನೆನಪು, ಅರ್ಧ ನನ್ನ ಊಹೆ. ಮದ್ದಿನ ಅಂಗಡಿಯಿಂದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ತಂದೆ. ಅದನ್ನು ಬಿಚ್ಚಿದರೆ ಒಳಗೆ ಹಳದಿ ಪುಡಿ. ಗಾಜಿನ ಹಲಗೆಯ ಮೇಲೆ ಬಿಳಿ ಪುಡಿ ಹಾಕಿ, ಒಂದು ಚಿಟಿಕೆ ಹಳದಿ ಸೇರಿಸಿ, ಎಣ್ಣೆ ಬಿಟ್ಟು ತೆಳ್ಳನೆಯ ಚಪ್ಪಟೆ ಅಲಗಿನಲ್ಲಿ ಅರೆದರೆ ಅರಿಸಿನ ಬೆರೆಸಿದ ಬೆಣ್ಣೆಯ ಹಾಗಾಯಿತು. ಮಾಮೂಲಿನಷ್ಟು ಬೇಗ ಗಟ್ಟಿಯಾಗಲಿಲ್ಲ, ಅಂಚು ಸ್ವಲ್ಪ ಉದುರುತ್ತಿತ್ತು. ನೋಡಿದೆ. ನೋಡಿಯೂ ಪರವಾಗಿಲ್ಲ ಎಂದುಕೊಂಡೆ.

ಮೊದಲು ತುಂಬಿದ್ದು ಪೊರಕೆಯಕ್ಕನ ಹಲ್ಲಿಗೆ. ಎಡಗಡೆ ಕೆಳಗಿನ ದವಡೆ, ಹುಳುಕು ನರದ ಹತ್ತಿರಕ್ಕೆ ಇಳಿದಿತ್ತು. ಇದು ಹೊಸ ಮದ್ದು, ಇನ್ನೂ ಯಾರಿಗೂ ಹಾಕಿಲ್ಲ ಎಂದು ಹೇಳಿಯೇ ಕೂರಿಸಿದೆ. "ನೀ ಏನ್ ಮಡಗುದ್ರೂ ಸರಿ ಕಣವ್ವ" ಎಂದು ಬಾಯಿ ತೆರೆದಳು. ಸಂತೆಗೆ ಬಂದವರು ನಾಲ್ಕಾರು ಜನ ಬಾಗಿಲಲ್ಲಿ ನಿಂತು ಕತ್ತು ಚಾಚಿ ನೋಡಿದರು. ನನ್ನ ಕೆಲಸವನ್ನು ಹಾಗೆ ನಿಂತು ನೋಡುವುದು ಅಲ್ಲಿನವರಿಗೆ ರೂಢಿ, ಬಾಗಿಲು ಹಾಕಿದರೆ ಒಳಗೇನೋ ನಡೆಯುತ್ತಿದೆ ಎಂದು ಇನ್ನೂ ಹೆಚ್ಚು ಜನ ಸೇರುತ್ತಿದ್ದರು.

ಮುಂದಿನ ಸಂತೆಗೆ ಅವಳು ಹೊಸಿಲ ಹತ್ತಿರ ಬರುವ ಮೊದಲೇ ನಾನು ಬೀದಿಗಿಳಿದು, "ನೋವಿದೆಯಾ?" ಎಂದು ಕೇಳಿದೆ.

"ಇಲ್ಲ ಕಣವ್ವ."

"ತಣ್ಣೀರು ಕುಡಿದರೆ?"

"ಊಹೂಂ."

"ಜಗಿಯುವಾಗ?"

"ಏನೂ ಇಲ್ಲ ಕಣವ್ವ, ಚೆಂದಾಗದ."

ಅವತ್ತಿನ ನನ್ನ ಸಂತೋಷವನ್ನು ಈಗ ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಒಳಗೆ ಕರೆದು ಕಾಫಿ ಮಾಡಿಕೊಟ್ಟೆ. ನಾನೂ ಒಂದು ಲೋಟ ಹಿಡಿದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಕ್ರಿಮಿ ಅಂದರೇನು, ಮದ್ದು ಅದನ್ನು ಹೇಗೆ ಸಾಯಿಸುತ್ತದೆ, ಇದು ಗೆದ್ದರೆ ದೂರದೂರದ ಹಳ್ಳಿಗಳಲ್ಲಿ ಎಷ್ಟು ಜನರ ಹಲ್ಲು ಉಳಿಯುತ್ತದೆ ಎಂದೆಲ್ಲ ಬಡಬಡಿಸಿದೆ. ಅವಳು ಎಲೆ ಜಗಿಯುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದು ನೋಟುಬುಕ್ಕು ತಂದು ಅವಳ ಹಲ್ಲಿನ ಚಿತ್ರ ಬರೆದು, ಪಕ್ಕದಲ್ಲಿ 'ನೋವಿಲ್ಲ' ಎಂದು ಗುರುತು ಹಾಕಿದೆ.

ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಒಂದು ವರ್ಷದೊಳಗೆ ಇಪ್ಪತ್ತೆರಡು ಹಲ್ಲುಗಳಿಗೆ ಆ ಹಳದಿ ಪುಡಿ ತುಂಬಿದೆ. ಆ ಗುಮಟಾಪುರದ ರೈತ ಇನ್ನೊಂದು ಹಲ್ಲಿಗೆ ಬಂದಾಗ ಅವನಿಗೂ ತುಂಬಿದೆ. ಅವರು ತಿರುಗಿ ಬರಬೇಕಾಗಿರಲಿಲ್ಲ, ನಾನೇ ಅವರ ಹಿಂದೆ ಹೋಗುತ್ತಿದ್ದೆ. ರಾಗಿ ಬೀಸುವ ಮಿಲ್ಲಿನ ಮುಂದೆ, ಬಸ್ ಸ್ಟಾಂಡಿನಲ್ಲಿ, ಪಂಚಾಯ್ತಿ ಆಫೀಸಿನ ಮೆಟ್ಟಿಲ ಮೇಲೆ, ಯಾರು ಸಿಕ್ಕರೂ ನಿಲ್ಲಿಸಿ "ನೋವಿದೆಯಾ?" ಎನ್ನುತ್ತಿದ್ದೆ. "ಇಲ್ಲ ಕಣವ್ವ" ಎನ್ನುತ್ತಿದ್ದರು. ಕೆಲವರು ಕೇಳುವ ಮೊದಲೇ ದೂರದಿಂದ ಕೈಯಾಡಿಸಿ ಇಲ್ಲ ಇಲ್ಲ ಎಂದು ನಗುತ್ತಿದ್ದರು. ನಾನು ನಿಂತು ಅವರ ಮನೆ ಮಕ್ಕಳು ದನಕರು ಎಲ್ಲ ವಿಚಾರಿಸುತ್ತಿದ್ದೆ. ಅವರೂ ನನ್ನನ್ನು ಉಂಡ್ಯಾ, ಮಲಗ್ದ್ಯಾ ಎಂದು ಕೇಳುತ್ತಿದ್ದರು. ಅವ್ವ ಹೋದ ಮೇಲೆ ನಾನು ಇಷ್ಟು ಜನರ ಜೊತೆ ಇಷ್ಟು ಮಾತಾಡಿದ್ದು ಆ ವರ್ಷವೇ. ಮನೆಗೆ ಬಂದು ನೋಟುಬುಕ್ಕು ತೆರೆದರೆ ಸಾಲಾಗಿ ನೋವಿಲ್ಲ, ನೋವಿಲ್ಲ, ನೋವಿಲ್ಲ.

ಇದನ್ನೆಲ್ಲ ಬರೆದು ನನಗೆ ಪಾಠ ಹೇಳಿದ್ದ ಮೇಷ್ಟರಿಗೆ ಬೆಂಗಳೂರಿಗೆ ಕಾಗದ ಹಾಕಿದೆ. ಶಹಬ್ಬಾಸ್ ಎನ್ನುತ್ತಾರೆ ಎಂದು ಕಾದೆ. ಒಂದು ತಿಂಗಳಿಗೆ ಉತ್ತರ ಬಂತು. ತುಂಬಿದ ಮದ್ದು ಮೊದಲ ಕೆಲವು ದಿನ ಹೆಚ್ಚಾಗಿ ಸೋರಿ ಆಮೇಲೆ ತೀರಾ ಕಡಿಮೆಯಾಗಬಹುದು, ಅಷ್ಟು ಕಡಿಮೆ ಮದ್ದಿಗೆ ಕ್ರಿಮಿ ಸಾಯುವುದಿಲ್ಲ, ಮದ್ದನ್ನು ತಾಳಿಕೊಳ್ಳುವುದನ್ನು ಕಲಿಯುತ್ತದೆ ಎಂದು ಬರೆದಿದ್ದರು. ಪುಡಿ ಬೆರೆಸಿದ ಸಿಮೆಂಟು ಗಟ್ಟಿಯಾಗಿ ನಿಲ್ಲದೆ ಅಂಚಿನಲ್ಲಿ ಉಗುಳು ಒಳಗಿಳಿಯುತ್ತದೆ, ನೀನು ಅದನ್ನು ನೋಡಿರಬೇಕು ಎಂದಿದ್ದರು. ಎಕ್ಸರೇ ಇದೆಯಾ, ಹಲ್ಲು ತಟ್ಟಿ ನೋಡಿದೆಯಾ, ಒಂದನ್ನಾದರೂ ಬಿಚ್ಚಿ ಒಳಗೆ ಹೇಗಿದೆ ಎಂದು ನೋಡಿದೆಯಾ, ಸಾಯುತ್ತಿರುವ ಹಲ್ಲು ಕೂಡ ಒಂದು ಹಂತದಲ್ಲಿ ನೋಯುವುದಿಲ್ಲ ಎಂಬುದು ಮರೆತುಹೋಯಿತೇ ಎಂದು ಕೇಳಿದ್ದರು. ಕೊನೆಯಲ್ಲಿ, ನೋವಿಲ್ಲ ಎನ್ನುವುದು ರೋಗಿಯ ಮಾತು, ಹಲ್ಲಿನ ಮಾತಲ್ಲ ಎಂದು ಒಂದು ಸಾಲು.

ನನಗೆ ತಲೆ ಕೆಟ್ಟುಹೋಯಿತು. ಫ್ಯಾನಿನ ಕೆಳಗೆ ಕೂತು ಬರೆಯುವುದು ಸುಲಭ, ಇಲ್ಲಿ ಬಂದು ಒಂದು ತಿಂಗಳು ಯಂತ್ರ ತುಳಿದು ನೋಡಲಿ ಎಂದು ಗೋಡೆಗೆ ಕೇಳುವಂತೆ ಬೈದೆ. ಎಕ್ಸರೇ ಇಲ್ಲದಿದ್ದರೇನು, ನನಗೆ ಪೊರಕೆಯಕ್ಕ ಇದ್ದಳು. ವಾರವಾರವೂ ಕೇಳಿದ್ದೇನೆ, ಹತ್ತು ತಿಂಗಳಾಯಿತು, ಒಂದು ದಿನ ನೋವೆಂದಿಲ್ಲ. ಕಾಗದವನ್ನು ಅವ್ವನ ಟ್ರಂಕಿನ ತಳಕ್ಕೆ ಹಾಕಿದೆ. ನಿಜ ಹೇಳಬೇಕೆಂದರೆ ಅವಳ ಹಲ್ಲನ್ನೊಮ್ಮೆ ಬಿಚ್ಚಿ ನೋಡೋಣ ಎಂದು ಮನಸ್ಸಿಗೆ ಬಂದಿತ್ತು. ಬಿಚ್ಚಿದರೆ ಏನು ಕಾಣುತ್ತದೋ ಎಂದು ಹೆದರಿ ಬಿಟ್ಟೆ.

ಅದಾಗಿ ಎರಡು ತಿಂಗಳಿಗೆ ಪೊರಕೆಯಕ್ಕ ಒಂದು ಸಂತೆಗೆ ಬರಲಿಲ್ಲ. ಹುಲ್ಲು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡೆ. ಇನ್ನೊಂದು ಸಂತೆಗೂ ಬರಲಿಲ್ಲ. ಅವತ್ತು ಸಾಯಂಕಾಲದವರೆಗೂ ಬಾಗಿಲಲ್ಲೇ ನಿಂತಿದ್ದೆ, ಬಂದ ಇಬ್ಬರು ರೋಗಿಗಳ ಮೇಲೆ ಸುಮ್ಮಸುಮ್ಮನೆ ರೇಗಿದೆ. ಮೂರನೆಯ ಸಂತೆಗೆ ಪೊರಕೆಯ ಹೊರೆ ಹೊತ್ತು ಬಂದದ್ದು ಅವಳ ಮಗ.

"ಅವ್ವ ಎಲ್ಲಿ?" ಎಂದೆ.

"ಗದ್ದ ಊದ್ಕಂಡದ. ಸೊಪ್ಪ ಅರ್ದು ಕಟ್ಟಿದ್ದೀವಿ. ನಿಂಗ ಏಳ್ಬ್ಯಾಡ ಅಂದದ" ಎಂದ.

"ನನಗೆ ಹೇಳಬೇಡ ಅಂದಳಾ? ಯಾಕೆ?"

ಅವನು ನೆಲ ನೋಡಿದ. "ನಂಗೊತ್ತಿಲ್ಲ ಕಣವ್ವ."

ಸಾಮಾನಿನ ಚೀಲ ತೆಗೆದುಕೊಂಡು, ಬಾಗಿಲಿಗೆ ಬೀಗ ಹಾಕಿ, ಅವನು ಹೊರೆಯನ್ನು ಮಾರುವುದಕ್ಕೂ ಬಿಡದೆ ಎಳೆದುಕೊಂಡು ಹೊರಟೆ. ಜೀರಹಳ್ಳಿಯವರೆಗೆ ಬಸ್ಸು, ಅಲ್ಲಿಂದ ಕಾಡಿನ ಕಾಲುದಾರಿ. ಅವನು ಮುಂದೆ ಮುಂದೆ ನಡೆಯುತ್ತ ಆನೆಯ ಲದ್ದಿ ಕಂಡ ಕಡೆ ನಿಂತು ಕಿವಿಗೊಟ್ಟು ಮತ್ತೆ ಹೊರಡುತ್ತಿದ್ದ. ನನಗೆ ಆನೆಯ ಹೆದರಿಕೆಯೇ ಆಗಲಿಲ್ಲ. ಮೇಷ್ಟರ ಕಾಗದದ ಸಾಲುಗಳು ಒಂದಾದ ಮೇಲೊಂದು ನೆನಪಾಗುತ್ತಿದ್ದವು.

ಗುಡಿಸಲೊಳಗೆ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು, ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆಂದು. ಎಡ ಕೆನ್ನೆ ಕಿವಿಯಿಂದ ಗದ್ದದವರೆಗೆ ಊದಿ ಚರ್ಮ ಹೊಳೆಯುತ್ತಿತ್ತು, ಊತ ಕತ್ತಿಗೆ ಇಳಿಯಲು ಶುರುವಾಗಿತ್ತು. ಮೈ ಸುಡುತ್ತಿತ್ತು. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ನಾನು ದೀಪ ಹತ್ತಿರ ಹಿಡಿದು ನೋಡಿದೆ. ನಾನು ತುಂಬಿದ ಹಳದಿ ಕಂದು ಬಣ್ಣಕ್ಕೆ ತಿರುಗಿ ಅಲ್ಲೇ ಕೂತಿತ್ತು, ಅಂಚು ತಿಂದುಹೋಗಿತ್ತು. ಕೆಳಗೆ ಕಟ್ಟಿದ ಕೀವಿಗೆ ಹೊರಬರಲು ದಾರಿಯಿಲ್ಲದಂತೆ ನಾನೇ ಬೆಣೆ ಹೊಡೆದಿದ್ದೆ. ಕೀವು ಕತ್ತಿನೊಳಗೆ ಇಳಿದರೆ ಉಸಿರುಗೊಳವೆ ಮುಚ್ಚುತ್ತದೆ, ಅಲ್ಲಿಗೆ ಮುಗಿಯಿತು. ಇದು ನನಗೆ ಗೊತ್ತಿತ್ತು, ಅಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಅಕ್ಕ, ಈ ಮದ್ದನ್ನು ಈಗಲೇ ತೆಗೆಯಬೇಕು" ಎಂದೆ.

ಅವಳು ಬಾಯಿ ಮುಚ್ಚಿಕೊಂಡುಬಿಟ್ಟಳು. ಕೈ ಅಡ್ಡ ಹಿಡಿದು, "ಬ್ಯಾಡ. ಅದ ತಗೀಬ್ಯಾಡ. ಇರ್ಲಿ ಬುಡು" ಎಂದಳು, ಹಲ್ಲು ಕಚ್ಚಿದ ದನಿಯಲ್ಲೇ.

"ಯಾಕಕ್ಕ?"

"ನೀ ಮಡಗಿದ್ದು. ಇರ್ಲಿ. ಸೊಪ್ಪಿಗ ಇಳೀತದ."

ಅವಳಿಗೆ ನನ್ನ ಮದ್ದಿನ ಮೇಲೆ ಅಷ್ಟು ನಂಬಿಕೆ ಎಂದುಕೊಂಡೆ. ಸೊಸೆ ಹೇಳಿದಳು, ಮಗ ಹೇಳಿದ, ಕೇಳಲಿಲ್ಲ. ನನಗೆ ಒಂದೇ ದಾರಿ ಉಳಿದಿತ್ತು. ಮಗ ಸೊಸೆ, ಬಾಗಿಲಲ್ಲಿ ಸೇರಿದ್ದ ಪೋಡಿನವರು, ಎಲ್ಲರ ಎದುರಿಗೆ ಹೇಳಿದೆ: "ಅಕ್ಕ, ನನ್ನ ಮದ್ದು ತಪ್ಪು. ನಿನಗೆ ಹೀಗಾದದ್ದು ಅದರಿಂದ. ನನಗೆ ತಿಳಿದವರು ಹೇಳಿದ್ದರು, ನಾನು ಕೇಳಲಿಲ್ಲ. ಅದು ಒಳಗಿದ್ದರೆ ನೀನು ಸಾಯುತ್ತೀಯ." ಯಾರಾದರೂ ಕೋಲು ತೆಗೆದುಕೊಂಡು ಹೊಡೆದಿದ್ದರೂ ಸರಿ ಎನ್ನಬೇಕಾಗಿತ್ತು. ಅವಳು ಅಡ್ಡ ಹಿಡಿದಿದ್ದ ಕೈ ಇಳಿಸಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. "ಅಂಗಾ? ನೀನೇ ಅಂದ ಮೇಲ ತಗಿ" ಎಂದು ತೆರೆಯಲಾದಷ್ಟು ಬಾಯಿ ತೆರೆದಳು.

ಯಂತ್ರವಿಲ್ಲದ್ದರಿಂದ ಸಣ್ಣ ಚಮಚದಂಥ ಕೈ ಸಲಕರಣೆಯಿಂದಲೇ ಕೆದಕಿದೆ. ಅದಕ್ಕೆ ಹೆಚ್ಚು ಶ್ರಮ ಬೇಕಾಗಲಿಲ್ಲ, ಒದ್ದೆ ಸುಣ್ಣದ ಹಾಗೆ ಎದ್ದು ಬಂತು. ಅದರ ಕೆಳಗೆ ಹಲ್ಲು ಎನ್ನುವಂಥದ್ದೇನೂ ಉಳಿದಿರಲಿಲ್ಲ. ತಳಕ್ಕೆ ತೂತು ಬಿದ್ದ ಕೂಡಲೇ ಕೀವು ಉಕ್ಕಿತು, ಗುಡಿಸಲೆಲ್ಲ ನಾತ. ಕೆನ್ನೆಯ ಒಳಗಡೆ ಸಣ್ಣದಾಗಿ ಕೊಯ್ದು ಉಳಿದದ್ದಕ್ಕೂ ದಾರಿ ಮಾಡಿದೆ. ಅವಳು ನನ್ನ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು, ಅಷ್ಟೇ. ಮಗ ಅವಳನ್ನು ಬೆನ್ನ ಮೇಲೆ ಹೊತ್ತು ಜೀರಹಳ್ಳಿಗೆ ತಂದ. ಬಿದಿರು ಸಾಗಿಸುವ ಲಾರಿಯೊಂದು ಅಲ್ಲಿ ನಿಂತಿತ್ತು. ಅದರ ಮುಂದಿನ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು ತಾಳವಾಡಿಯ ಆಸ್ಪತ್ರೆಗೆ ತಂದೆ. ಪೆನಿಸಿಲಿನ್ ಇಂಜೆಕ್ಷನ್ ಶುರುವಾಯಿತು. ಮೊದಲ ಎರಡು ದಿನ ಊತ ಹಾಗೇ ಇತ್ತು. ನಾನು ಬಜಾರಿನ ನನ್ನ ಕೋಣೆಯ ಬಾಗಿಲು ತೆಗೆಯಲೇ ಇಲ್ಲ, ಅವಳ ಮಂಚದ ಪಕ್ಕ ಕೂತಿದ್ದೆ. ಇವಳೊಬ್ಬಳು ಹೋದರೆ ನನಗೆ ಈ ಊರಿನಲ್ಲಿ ಯಾರೂ ಇಲ್ಲ ಎಂದು ಯೋಚಿಸಿದೆ, ಆಮೇಲೆ ಇಂಥ ಹೊತ್ತಿನಲ್ಲೂ ನನ್ನ ಬಗ್ಗೆಯೇ ಯೋಚಿಸುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮೂರನೆಯ ದಿನ ಮಧ್ಯಾಹ್ನ ಗಂಜಿ ಕೇಳಿದಳು.

ಹತ್ತು ದಿನ ಕಳೆದು ಬಾಯಿ ಸರಿಯಾಗಿ ತೆರೆಯುವಂತಾದ ಮೇಲೆ ನನ್ನ ಕುರ್ಚಿಯಲ್ಲಿ ಕೂರಿಸಿ ಆ ಹಲ್ಲನ್ನು ಕಿತ್ತೆ. ತೊಳೆದು ಬೆಳಕಿಗೆ ಹಿಡಿದೆ. ಬೇರಿನ ತುದಿ ತಿಂದುಹೋಗಿತ್ತು, ಒಳಗೆಲ್ಲ ಪೊಳ್ಳು. ಇಂಥ ಹಲ್ಲು ನೋವಿಲ್ಲದೆ ಒಂದು ವರ್ಷ ಇರಲು ಸಾಧ್ಯವೇ ಇರಲಿಲ್ಲ. ಸಾಯುವ ಮೊದಲು ಅದು ತಿಂಗಳುಗಟ್ಟಲೆ ಕೂಗಿರಬೇಕು.

"ಅಕ್ಕ, ನಿಜ ಹೇಳು. ಇದು ನೋಯಲಿಲ್ಲವಾ?"

ಹತ್ತಿ ಕಚ್ಚಿಕೊಂಡಿದ್ದಳು. ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ನೊಯ್ತಿತ್ತು ಕಣವ್ವ. ನೀ ಮಡಗಿ ಎಂಟತ್ತು ದಿನಕ್ಕೇ ಸುರುವಾಯ್ತು."

"ಮತ್ತೆ ನಾನು ವಾರವಾರ ಕೇಳಿದೆನಲ್ಲ. ಇಲ್ಲ ಇಲ್ಲ ಅಂದೆಯಲ್ಲ."

"ನೀ ಕೇಳೋವಾಗ ನಿನ್ ಮೊಕ ನೀ ನೋಡ್ಕಂಡಿಲ್ಲ" ಎಂದಳು. "ಇಲ್ಲ ಅಂದೇಟ್ಗೆ ಚಿಕ್ಮಕ್ಳಂಗ ಆಗ್ತಿದ್ದೆ. ಕಾಫಿ ಕೊಡ್ತಿದ್ದೆ, ಪಕ್ಕದಲ್ಲಿ ಕೂತ್ಕತಿದ್ದೆ, ನಗ್ತಿದ್ದೆ. ಅವ್ವ ಸತ್ತ ಮ್ಯಾಲ ನೀ ನಕ್ಕಿದ್ದ ನಾ ಕಂಡಿರ್ನಿಲ್ಲ. ನೊಯ್ತದ ಅಂದ್ರ ಬುಟ್ಟಾಕ್ಬುಡ್ತೀಯ, ಮತ್ತ ಒಬ್ಳೇ ಗ್ವಾಡ ನೋಡ್ಕಂಡು ಕೂತ್ಕತೀಯ. ಅದ್ಕ ನಾ ಇಲ್ಲ ಅಂದಿ. ಕಾಡಲ್ಲಿ ಬೇರು ಅದ, ಅದ ಕಚ್ಕಂಡ್ರ ಸ್ವಲ್ಪ ತಡೀತದ."

"ಮೊನ್ನೆ ಗುಡಿಸಲಲ್ಲಿ ತೆಗೆಯಬೇಡ ಅಂದದ್ದು?"

"ಅದೂವೇ. ಅಷ್ಟೊಂದು ಜನದ ಮುಂದ ನಿನ್ ಮದ್ದು ಕೆಟ್ಟೋಯ್ತು ಅಂತ ಆಗ್ಬಾರ್ದು ಅಂತ."

ನನಗೆ ಮೈಮೇಲೆ ಬಂದಂತಾಯಿತು. ಬಾಯಿಗೆ ಬಂದಂತೆ ಬೈದೆ. ಬುದ್ಧಿ ಇದೆಯಾ ನಿನಗೆ, ಸತ್ತು ಹೋಗಿದ್ದರೆ ಯಾರು ಹೊಣೆ, ನಾನೇನು ನಿನ್ನ ಹತ್ತಿರ ನಗು ಬೇಡಿದ್ದೆನಾ ಎಂದು ಕಿರುಚಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ನನ್ನ ದನಿ ಒಡೆದು ಮಾತು ನಿಂತಾಗ, "ನಾನೊಬ್ಳೇ ಅಲ್ಲ ಕಣವ್ವ" ಎಂದಳು ಮೆಲ್ಲಗೆ. "ಎಲ್ರೂ ಅಂಗೇ. ಸಂತೇಲಿ ನಾವ್ ನಾವೇ ಮಾತಾಡ್ಕತೀವಿ. ಅಲ್ಲವ್ವ ಕೇಳುದ್ರ ನೋವಿಲ್ಲ ಅನ್ನಿ, ಪಾಪ ಒಬ್ಳೇ ಅವ್ಳ ಅಂತ."

ನಾನು ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ. ನನ್ನ ನೋಟುಬುಕ್ಕಿನ ಪ್ರತಿ ಸಾಲೂ ಸುಳ್ಳು, ಮತ್ತು ಆ ಸುಳ್ಳನ್ನು ಒಂದು ಊರಿಗೆ ಊರೇ ನನ್ನ ಮೇಲಿನ ಕನಿಕರಕ್ಕೆ ಹೇಳಿತ್ತು. ನಾನು ಅವರ ಬಾಯೊಳಗೆ ಇಣುಕುತ್ತಿದ್ದ ಹೊತ್ತಿನಲ್ಲಿ ಅವರೆಲ್ಲ ನನ್ನ ಒಂಟಿತನವನ್ನು ನೋಡುತ್ತಿದ್ದರು. ಅದನ್ನು ಬಚ್ಚಿಟ್ಟಿದ್ದೇನೆ ಎಂದುಕೊಂಡಿದ್ದವಳು ನಾನೊಬ್ಬಳೇ. ಅವಮಾನವಾಯಿತು, ಅಳು ಬಂತು. ಅವಳು ಇಳಿದು ಬಂದು ನನ್ನ ತಲೆಯನ್ನು ಹಿಡಿದುಕೊಂಡಳು. ಅವಳ ಕೈ ಹುಲ್ಲಿನ ವಾಸನೆ ಹೊಡೆಯುತ್ತಿತ್ತು. ಅಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಹಾಗೆ ಮುಟ್ಟಿರಲಿಲ್ಲ.

ಅತ್ತು ಮುಗಿದ ಮೇಲೆ ಇನ್ನೊಂದು ಹೆದರಿಕೆ ಹಿಡಿಯಿತು. ಇನ್ನೂ ಇಪ್ಪತ್ತೊಂದು ಬಾಯಿಗಳಲ್ಲಿ ಆ ಪುಡಿ ಕೂತಿತ್ತು, ಯಾವುದರ ಕೆಳಗೆ ಏನು ಕಟ್ಟಿದೆಯೋ ಯಾರು ಬಲ್ಲರು. ಮರುದಿನ ಬೆಳಗ್ಗೆಯಿಂದ ಒಬ್ಬೊಬ್ಬರ ಮನೆಗೂ ಹೊರಟೆ. ಮೊದಲ ಮನೆಗಳಲ್ಲಿ ಎಲ್ಲರೂ ಹಳೆಯ ಪಾಠವನ್ನೇ ಒಪ್ಪಿಸಿದರು. ನೋವಿಲ್ಲ ಕಣವ್ವ, ಬಾ ಕೂತ್ಕ, ಕಾಫಿ ಕುಡಿ. ತಟ್ಟಿ ನೋಡಿದರೆ ಮುಖ ಕಿವುಚುತ್ತಿದ್ದರು, ಮತ್ತೆ ನಗುತ್ತಿದ್ದರು. ಬಾಯಿ ತೆರೆಸುವುದು ನನಗೆ ಬರುತ್ತಿತ್ತು, ಬಾಯಿ ಬಿಡಿಸುವುದು ಬರುತ್ತಿರಲಿಲ್ಲ. ನಾನು ಏನು ಹೇಳಬೇಕೆಂದು ಗೊತ್ತಾದದ್ದು ಗುಮಟಾಪುರದಲ್ಲಿ.

ಆ ರೈತ ಕಣದಲ್ಲಿ ರಾಗಿ ತೂರುತ್ತಿದ್ದ. ನನ್ನನ್ನು ಕಂಡು ಮೊರ ಕೆಳಗಿಟ್ಟು, ನಾನು ಬಾಯಿ ತೆಗೆಯುವ ಮೊದಲೇ, "ನೋವೇನೂ ಇಲ್ಲ ಕಣವ್ವ, ನಿನ್ ಮದ್ದು ಚೆನ್ನಾಗದ" ಎಂದು ನಕ್ಕ. ಅವನ ಹೆಂಡತಿ ನನಗೆ ಕೂರಲು ಗೋಣಿಚೀಲ ಹಾಸಿದಳು. ನಾನು ಕೂರಲಿಲ್ಲ.

"ನಾನು ಒಬ್ಬಳೇ ಇದ್ದೇನೆ ಕಣಪ್ಪ, ಅದು ನಿಜ" ಎಂದೆ. "ಅವ್ವ ಹೋದ ಮೇಲೆ ಊಟಕ್ಕೆ ಕೂತರೆ ಗಂಟಲಲ್ಲಿ ಇಳಿಯುವುದಿಲ್ಲ, ಅದೂ ನಿಜ. ನೀನು ನೋವಿಲ್ಲ ಅಂದರೆ ಅದು ಕಡಿಮೆಯಾಗುವುದಿಲ್ಲ. ನೊಯ್ತಿದ್ದರೆ ಹೇಳು."

ಗಾಳಿಗೆ ಹೊಟ್ಟು ಹಾರಿ ನನ್ನ ಸೀರೆಗೆ ಮೆತ್ತಿಕೊಂಡಿತ್ತು, ಅವನ ಹೆಂಡತಿ ಅದನ್ನು ಬಗ್ಗಿ ಕೊಡವತೊಡಗಿದಳು. ಅವನು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. ಆಮೇಲೆ ಬಲಗೆನ್ನೆಯ ಮೇಲೆ ಬೆರಳಿಟ್ಟ.

"ನೊಯ್ತದ ಕಣವ್ವ" ಎಂದ. "ಶಾನೆ ನೊಯ್ತದ."